ಎಡಗೈಗೆ ಬೇರೆ ಸೈಜು

ಮಧುಗಿರಿಯ ನಮ್ಮ ಬಳೆ ಅಂಗಡಿಗೆ ಮಧ್ಯಾಹ್ನದ ಹೊತ್ತು ಯಾರೂ ಬರುವುದಿಲ್ಲ. ಬೆಟ್ಟದ ಬಂಡೆ ಬೆಳಗಿನಿಂದ ಹೀರಿಕೊಂಡ ಬಿಸಿಲನ್ನು ಆ ಹೊತ್ತಿಗೆ ಊರಿನ ಮೇಲೆ ಮೆಲ್ಲಗೆ ಬಿಡುತ್ತಿರುತ್ತದೆ. ಬೀದಿ ತೂಕಡಿಸುತ್ತದೆ. ಎದುರುಗೋಡೆಯಿಂದ ಪುಟಿದು ಬಂದ ಬೆಳಕು ಗಾಜಿನ ಬೀರುವಿನೊಳಗೆ ಹೊಕ್ಕು, ಬಳೆಗಳನ್ನು ಹಾದು, ನೆಲದ ಮೇಲೆ ಹಸಿರು, ಕೆಂಪು, ಜೇನಿನ ಬಣ್ಣದ ಉಂಗುರಗಳನ್ನು ಹಾಸುತ್ತದೆ. ಮದುವೆಯಾಗಿ ಶಿರಾದಿಂದ ಈ ಮನೆಗೆ ಬಂದ ಹೊಸತರಲ್ಲಿ ನಾನು ಆ ಉಂಗುರಗಳ ಮೇಲೆ ಕಾಲಿಡದೆ ಬಳಸಿಕೊಂಡು ನಡೆಯುತ್ತಿದ್ದೆ. ಅತ್ತೆ ಅದನ್ನು ನೋಡಿ, "ಬೆಳಕು ಕಣಮ್ಮ ಅದು, ತುಳಿದ್ರೆ ಒಡ್ದೋಗಲ್ಲ" ಎಂದು ನಗುತ್ತಿದ್ದರು.

ಅಂಗಡಿಯಲ್ಲಿ ಇರುವವರು ನಾವಿಬ್ಬರೇ. ನನ್ನ ಗಂಡ ವ್ಯಾನಿನಲ್ಲಿ ಬಳೆ ಹೇರಿಕೊಂಡು ಸಂತೆಯಿಂದ ಸಂತೆಗೆ ಓಡಾಡುತ್ತಾರೆ. ಅತ್ತೆ ತಮ್ಮ ವಯಸ್ಸಿನಲ್ಲಿ ಬಳೆಯ ಸರಗಳನ್ನು ಹೆಗಲಿಗೆ ಹಾಕಿಕೊಂಡು ಪಾವಗಡದ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿದವರು. ಅವರ ತವರೂ ಅತ್ತಲೇ. ಕನ್ನಡ, ತೆಲುಗು ಎರಡೂ ಅವರಿಗೆ ಒಂದೇ ಉಸಿರಿನಲ್ಲಿ ಬರುತ್ತವೆ. ಈಗ ಮಂಡಿ ನೋವು, ಮೂಲೆಯ ಕುರ್ಚಿ ಬಿಟ್ಟು ಏಳುವುದು ಕಡಿಮೆ.

ಕಾಯಿಲೆಯ ಕಾಲದಲ್ಲಿ ಅಂಗಡಿಗಳೆಲ್ಲ ಬಾಗಿಲು ಮುಚ್ಚಿದ್ದಾಗ ನಾನು ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಆನ್‌ಲೈನ್ ಅಂಗಡಿ ತೆರೆಯುವುದನ್ನು ಕಲಿತೆ. ಬೀದಿಯಲ್ಲಿ ಮನುಷ್ಯರೇ ಇಲ್ಲದ ಆ ದಿನಗಳು ಈಗ ನೆನೆದರೆ ನಿಜವಾಗಿ ನಡೆದವೋ ಇಲ್ಲವೋ ಅನ್ನಿಸುತ್ತದೆ. ನಾನು ಕಿಟಕಿಯ ಹತ್ತಿರ ಬಿಳಿ ಪಂಚೆ ಹಾಸಿ, ಅದರ ಮೇಲೆ ಬಳೆ ಇಟ್ಟು, ಮೋಡ ಸರಿಯುವುದನ್ನೇ ಕಾದು ಫೋಟೋ ತೆಗೆಯುತ್ತಿದ್ದೆ. ಅತ್ತೆ ಕೇಳಿದ್ದು ಒಂದೇ ಮಾತು: "ಗಾಜು ಪೋಸ್ಟ್‌ನಾಗೆ ಹೆಂಗಮ್ಮ ಹೋಯ್ತದೆ?"

"ಹತ್ತಿ, ಬಬಲ್ ಶೀಟು, ಗಟ್ಟಿ ಡಬ್ಬ ಎಲ್ಲ ಹಾಕಿ ಕಳಿಸ್ತಾರೆ ಅತ್ತೆ."

"ಹೋಗ್ಲಿ ಬುಡು. ನಾನು ಹೊತ್ಕೊಂಡು ಹೋಗೋವಾಗ ಅದ್ಯಾವ್ದೂ ಇರ್ಲಿಲ್ಲ" ಎಂದರು. ಆದರೆ ಮಾರನೆಯ ದಿನದಿಂದ ಹತ್ತಿ ಬಿಡಿಸಿ ಕೊಡುವ ಕೆಲಸ ಅವರದೇ ಆಯಿತು.

ಮೊದಲು ನಾನು ಬಳೆಯ ಸೈಜು ಬರೆಯಲು ಒಂದು ಖಾಲಿ ಜಾಗ ಬಿಟ್ಟಿದ್ದೆ. ಜನ ಅದರಲ್ಲಿ ಏನೇನೋ ಬರೆದರು. "ನನ್ನ ಕೈ ಸಣ್ಣದು", "ಮೀಡಿಯಂ", "ನಮ್ಮ ಅಕ್ಕನಿಗೆ ಆಗುವಷ್ಟು". ಒಬ್ಬರು "ಮದುವೆಗೆ ಮುಂಚೆ ಟೂ ಫೋರ್, ಈಗ ಗೊತ್ತಿಲ್ಲ" ಎಂದು ಬರೆದಿದ್ದರು. ಓದಲು ಚೆನ್ನಾಗಿತ್ತು, ಆದರೆ ಕಳಿಸಿದ ಬಳೆ ಅರ್ಧಕ್ಕರ್ಧ ವಾಪಸು ಬರುತ್ತಿತ್ತು. ಹಾಗಾಗಿ ಆ ಜಾಗ ತೆಗೆದು ಡ್ರಾಪ್‌ಡೌನ್ ಹಾಕಿದೆ. ಚಿತ್ರದ ಕೆಳಗೆ ಒಂದು ಉದ್ದನೆಯ ಬಿಳಿ ಪೆಟ್ಟಿಗೆ, ಅದರ ತುದಿಯಲ್ಲಿ ಕೆಳಮುಖದ ಪುಟ್ಟ ಬಾಣ. ಬೆರಳಿಟ್ಟರೆ ಪಟ್ಟಿ ಬಿಚ್ಚಿಕೊಂಡು ಕೆಳಗಿಳಿಯುತ್ತದೆ. ಚಿಕ್ಕದರಿಂದ ದೊಡ್ಡದಕ್ಕೆ ಟೂ ಟೂ, ಟೂ ಫೋರ್, ಟೂ ಸಿಕ್ಸ್, ಟೂ ಏಟ್, ಟೂ ಟೆನ್. ಒಂದನ್ನು ಮುಟ್ಟಿದರೆ ಉಳಿದವೆಲ್ಲ ಮಡಚಿಕೊಂಡು ಮಾಯ. ಪಟ್ಟಿಯ ತಲೆಯ ಮೇಲೆ ಟೂ ಫೋರ್ ಇಟ್ಟಾಗ ಆರಿಸಲು ಮರೆತವರಿಗೆಲ್ಲ ಟೂ ಫೋರೇ ಹೋಗುತ್ತಿತ್ತು. ಆಮೇಲೆ "ನಿಮ್ಮ ಸೈಜು ಆರಿಸಿ" ಎಂಬ ಸಾಲನ್ನು ಮೇಲೆ ಹಾಕಿ, ಅದನ್ನು ಬದಲಾಯಿಸದೆ ಮುಂದಕ್ಕೆ ಹೋಗದ ಹಾಗೆ ಮಾಡಿದೆ. ಅಳೆಯುವುದು ಹೇಗೆಂದು ಒಂದು ಚಿತ್ರವನ್ನೂ ಹಾಕಿದೆ: ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಿ, ಗೆಣ್ಣುಗಳ ಸುತ್ತ ಒಂದು ದಾರ. ಚಿತ್ರದಲ್ಲಿರುವುದು ಅತ್ತೆಯ ಕೈ.

ಆ ಪಟ್ಟಿ ಬಿಚ್ಚಿಕೊಳ್ಳುವುದನ್ನು ನೋಡುವುದೇ ನನಗೆ ಒಂದು ಚಟವಾಯಿತು. ಯಾವುದೋ ಊರಿನಲ್ಲಿ, ನಾನು ಎಂದೂ ನೋಡದ ಒಬ್ಬಳು, ಅಡುಗೆಮನೆಯಲ್ಲೋ ಬಸ್ಸಿನಲ್ಲೋ ಕೂತು ಇದೇ ಬಾಣದ ಮೇಲೆ ಬೆರಳಿಡುತ್ತಾಳೆ, ತನ್ನ ಮಣಿಕಟ್ಟು ನೋಡಿಕೊಳ್ಳುತ್ತಾಳೆ, ಒಂದನ್ನು ಮುಟ್ಟುತ್ತಾಳೆ. ಮಧ್ಯಾಹ್ನದ ಮಂಪರಿನಲ್ಲಿ ನನಗೆ ಅವರ ಮುಖ ಕಾಣುತ್ತಿರಲಿಲ್ಲ, ಕೈಗಳು ಮಾತ್ರ ಕಾಣುತ್ತಿದ್ದವು.

ಹೀಗಿರುವಾಗ ಪಾವಗಡ ತಾಲ್ಲೂಕಿನ ಒಂದು ಹಳ್ಳಿಯಿಂದ ಒಂದೇ ದಿನ ಎರಡು ಆರ್ಡರು ಬಂದವು. ಒಂದೇ ಹೆಸರು, ಒಂದೇ ವಿಳಾಸ, ಒಂದೇ ಗಿಳಿಹಸಿರು ಗಾಜಿನ ಬಳೆ. ಒಂದು ಡಜನ್ ಟೂ ಫೋರ್, ಒಂದು ಡಜನ್ ಟೂ ಟೆನ್. ಮಗಳಿಗೊಂದು, ತಾಯಿಗೊಂದು ಇರಬೇಕು ಅಂದುಕೊಂಡೆ. ಯುಗಾದಿಗೆ ಇಬ್ಬರೂ ಒಂದೇ ಬಣ್ಣ ಇಟ್ಟುಕೊಂಡು ಹೊಸಲಿನ ಹತ್ತಿರ ನಿಂತಿರುವ ಹಾಗೆ ಕಲ್ಪಿಸಿಕೊಂಡೆ. ಶ್ರಾವಣದ ಹೊತ್ತಿಗೆ ಅದೇ ಹೆಸರಿನಿಂದ ಮತ್ತೆ ಎರಡು ಆರ್ಡರು, ಈ ಸಲ ಕೆಂಪು. ನನ್ನ ಕಲ್ಪನೆಯ ತಾಯಿಮಗಳಿಗೂ ಕೆಂಪು ಬಳೆ ತೊಡಿಸಿದೆ.

ಕೆಲವು ದಿನಗಳ ಮೇಲೆ ಫೋನು ಬಂತು. ಹೆಂಗಸಿನ ದನಿ, ಹಿಂದೆ ಗಾಳಿಯ ಸದ್ದು.

"ಅಕ್ಕಾ, ಬಳೆ ಅಂಗ್ಡಿಯೋರಾ? ನಿಮ್ ಬಳೆ ಬಾವುಂದಿ ಅಕ್ಕಾ, ಶ್ಯಾನೆ ಚೆನ್ನಾಗೈತೆ. ಒಂದು ಕೇಳ್ಬೇಕಾಗಿತ್ತು. ಅರ್ಧ ಡಜನ್ನು ಒಂದು ಸೈಜು, ಅರ್ಧ ಡಜನ್ನು ಇನ್ನೊಂದು ಸೈಜು, ಅಂಗೆ ಕೊಡಕ್ಕೆ ಆಯ್ತದಾ? ನಂಗೆ ಎರಡರಾಗೂ ಅರ್ಧರ್ಧ ಉಳ್ಕೊಂತಾ ಐತೆ."

"ನಿಮಗೂ ಮಗಳಿಗೂ ಆರಾರೇ ಸಾಕಾ?" ಎಂದೆ.

"ಮಗಳಾ? ನಂಗೆ ಮಗಳೇ ಇಲ್ಲ ಅಕ್ಕಾ. ಎರಡೂ ನಂಗೇನೇ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಎದೆಯಲ್ಲಿ ಗಂಟಾಗಿತ್ತಂತೆ. ಆಪರೇಷನ್ ಮಾಡಿ ಎಡಗಡೆ ಕಂಕುಳಿನವರೆಗೂ ತೆಗೆದರು. ಜೀವಕ್ಕೇನೂ ಭಯವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಎಡಗೈ ಊದಿಕೊಳ್ಳಲು ಶುರುವಾಯಿತು. ಬೆಳಿಗ್ಗೆ ಕಡಿಮೆ, ಸಂಜೆಗೆ ಜಾಸ್ತಿ. ಬಲಗೈಗೆ ಟೂ ಫೋರ್ ಸಲೀಸಾಗಿ ಹೋಗುತ್ತದೆ, ಎಡಗೈಗೆ ಟೂ ಟೆನ್ ಬೇಕು.

"ಇಲ್ಲಿ ಸಂತೇನಾಗೆ ಬಳೆ ಇಕ್ಕುಸ್ಕೊಳ್ಳಕ್ಕೆ ಕೂತ್ರೆ ಸುತ್ತಾ ಹೆಂಗಸ್ರು ನಿಂತಿರ್ತಾರೆ ಅಕ್ಕಾ. ಎಡಗೈ ತೆಗೆದ್ರೆ ಎಲ್ಲಾರ ಕಣ್ಣೂ ಅಲ್ಲೇ. ನಿಮ್ ಪಟ್ಟಿನಾಗೆ ಆದ್ರೆ ಯಾರೂ ನೋಡಲ್ಲ. ಒತ್ತೋದು, ಬರೋದು."

ಅವರು ಸೋಲಾರ್ ಹಲಗೆಗಳ ಬಯಲಿನ ಪಕ್ಕ ಚಹಾ ಅಂಗಡಿ ನಡೆಸುತ್ತಾರೆ. ಆ ಬಯಲನ್ನು ನಾನು ಬಸ್ಸಿನಿಂದ ಒಂದು ಸಲ ನೋಡಿದ್ದೆ. ನೀರೇ ಇಲ್ಲದ ನೆಲದಲ್ಲಿ ಕಣ್ಣು ಹಾಯುವವರೆಗೂ ನೀಲಿ ಹಲಗೆಗಳು, ಕೆರೆ ತುಂಬಿದ ಹಾಗೆ. ಆ ಸುಳ್ಳು ಕೆರೆಯ ದಡದಲ್ಲಿ ಕೂತು ಒಬ್ಬಳು ನನ್ನ ಅಂಗಡಿಯ ಪುಟ್ಟ ಬಾಣದ ಮೇಲೆ ಬೆರಳಿಡುವುದು ಕಣ್ಣಿಗೆ ಕಟ್ಟಿತು.

"ಆ ಕೈಗೆ ಗಾಜಿನ ಬಳೆ ಹಾಕಬಹುದು ಅಂದಿದ್ದಾರಾ ಡಾಕ್ಟರು?" ಎಂದು ಕೇಳಿದೆ.

"ಬಿಗಿ ಇರ್ಬಾರ್ದು, ಗೀರು ಗಾಯ ಏನೂ ಆಗ್ಬಾರ್ದು ಅಂದವ್ರೆ. ಗಾಜು ಬ್ಯಾಡ ಅಂತಾನೇ ಅಂದಂಗೆ. ಅದ್ಕೇ ಒಂದು ಗಳಿಗೆ ಇಕ್ಕೊಂಡು, ಕನ್ನಡೀನಾಗೆ ನೋಡ್ಕೊಂಡು, ತೆಗೆದು ಇಡ್ತೀನಿ. ಒಂದೇ ಕೈಯಾಗೆ ಬಳೆ ಇದ್ರೆ ನಂಗೇನೋ ಅರ್ಧ ಸಿಂಗಾರ ಮಾಡ್ಕೊಂಡಂಗೆ ಆಯ್ತದೆ."

ಫೋನಿಟ್ಟ ಮೇಲೆ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ಹತ್ತಿ ಬಿಡಿಸುತ್ತಿದ್ದ ಕೈ ನಿಲ್ಲಿಸಿ ಕೇಳಿಸಿಕೊಂಡರು. ನನ್ನ ತಲೆಯಲ್ಲಿ ಆಗಲೇ ರೇಷ್ಮೆದಾರದ ಬಳೆ ಸುಳಿದಾಡುತ್ತಿತ್ತು. ಹಗುರವಾದ ಪ್ಲಾಸ್ಟಿಕ್ ಬಳೆಗೆ ರೇಷ್ಮೆದಾರವನ್ನು ಒತ್ತಾಗಿ ಸುತ್ತಿ ಮಾಡುವ ಬಳೆ ಅದು. ಒಡೆಯುವುದಿಲ್ಲ, ಗೀರುವುದಿಲ್ಲ. ಬಲಗೈಗೆ ಗಾಜು, ಎಡಗೈಗೆ ಅದೇ ಬಣ್ಣದ ರೇಷ್ಮೆದಾರ. ಆ ಮಧ್ಯಾಹ್ನ ಇಬ್ಬರೂ ಕೂತು ಗಿಳಿಹಸಿರಿಗೆ ಹೊಂದುವ ದಾರ ಹುಡುಕಿದೆವು. ಒಳಗೆ ಒಂದೇ ಅನ್ನಿಸಿದ್ದು ಬಿಸಿಲಿಗೆ ಹಿಡಿದರೆ ಬೇರೆಯಾಗುತ್ತಿತ್ತು. ಗಾಜಿನ ಹಸಿರಿನೊಳಗೆ ಒಂದು ಹಳದಿ ಅಡಗಿಕೊಂಡಿರುತ್ತದೆ, ದಾರದಲ್ಲಿ ಅದಿಲ್ಲ. ಕೊನೆಗೆ ಹಸಿರು ದಾರದ ಜೊತೆ ಹಳದಿಯ ಒಂದೇ ಒಂದು ಎಳೆ ಸೇರಿಸಿ ಸುತ್ತಿದೆ. ಅತ್ತೆ ಎರಡನ್ನೂ ಅಕ್ಕಪಕ್ಕ ಹಿಡಿದು, ಕಣ್ಣು ಕಿರಿದು ಮಾಡಿ, "ಅಕ್ಕತಂಗೀರಂಗೆ ಅವೆ. ಕಳ್ಸು" ಎಂದರು.

ಕಳಿಸಿದೆ. ಡಾಕ್ಟರಿಗೆ ತೋರಿಸಿ ಆಮೇಲೆ ಹಾಕಿಕೊಳ್ಳಿ ಎಂದು ಒಂದು ಚೀಟಿಯನ್ನೂ ಇಟ್ಟೆ. ತಿಂಗಳಾದ ಮೇಲೆ ಫೋನು ಬಂತು. "ಡಾಕ್ಟ್ರಮ್ಮ ಬೆರಳು ಹಾಕಿ ನೋಡಿದ್ರು. ಇಷ್ಟು ಸಡಿಲ ಇದ್ರೆ ಪರವಾಲೇದು ಅಂದ್ರು. ಕೈ ಜಾಸ್ತಿ ಊದಿದ ದಿನ ತೆಗೆದುಬುಡು ಅಂದ್ರು. ಇವತ್ತು ಬೆಳಿಗ್ಗೆಯಿಂದ ತೆಗೆದಿಲ್ಲ ಅಕ್ಕಾ" ಎಂದರು. ಮಾತಿನ ನಡುವೆ ಗಾಜಿನ ಸದ್ದು ಕೇಳಿಸುತ್ತಿತ್ತು. ಒಂದು ಕೈಯ ಸದ್ದು ಮಾತ್ರ. ಇನ್ನೊಂದು ಕೈ ರೇಷ್ಮೆ, ಅದು ಮಾತಾಡುವುದಿಲ್ಲ.

ಆಗ ನನಗೆ ಪಟ್ಟಿಯನ್ನೇ ಬದಲಾಯಿಸುವ ಯೋಚನೆ ಬಂತು. "ನಿಮ್ಮ ಎರಡು ಕೈಗಳ ಸೈಜು ಬೇರೆ ಬೇರೆಯೇ? ಇಲ್ಲಿ ಒತ್ತಿ" ಎಂದು ಕೆಳಗೆ ಒಂದು ಸಾಲು ಹಾಕೋಣ ಅಂದುಕೊಂಡೆ. ಅದನ್ನು ಒತ್ತಿದವರಿಗೆ ಮಾತ್ರ ಎರಡು ಪಟ್ಟಿ ಕಾಣಲಿ. ಪಾವಗಡದ ಅವರಿಗೇ ಫೋನು ಮಾಡಿ ಕೇಳಿದೆ.

"ಬ್ಯಾಡ ಅಕ್ಕಾ" ಎಂದರು ಥಟ್ಟನೆ. "ಕೇಳಿದ್ರೆ ಎಲ್ಲಾರ್ನೂ ಕೇಳ್ರಿ. ನಂಗೊಬ್ಬಳಿಗೆ ಅಂತ ಹಿಂದ್ಗಡೆ ಬಾಗ್ಲು ಇಕ್ಕಬ್ಯಾಡ್ರಿ."

ಆ ಮಾತು ಬಹಳ ಹೊತ್ತು ನನ್ನೊಳಗೆ ಸುತ್ತುತ್ತಿತ್ತು. ಎಲ್ಲ ಬಳೆಗೂ ಎರಡು ಪಟ್ಟಿ ಹಾಕಲು ಕೂತೆ. ಬಲಗೈ ಎಂದು ಒಂದು, ಎಡಗೈ ಎಂದು ಒಂದು. ಹೇಳಲು ಸುಲಭ, ಮಾಡಲು ಹೋದರೆ ಬಲಗೈಯ ಒಂದೊಂದು ಸೈಜಿಗೂ ಎಡಗೈಯ ಎಲ್ಲ ಸೈಜುಗಳನ್ನು ಜೋಡಿಸಿ ಒಂದೊಂದು ಸಾಲು ಬರೆಯಬೇಕಿತ್ತು. ಅದಕ್ಕೆ ಬಣ್ಣಗಳೂ ಸೇರಿದರೆ ಸಾಲುಗಳಿಗೆ ಕೊನೆಯೇ ಇಲ್ಲ. ಒಂದು ಹಂತದಲ್ಲಿ ಇನ್ನು ಸಾಲು ಸೇರಿಸಲು ಆಗುವುದಿಲ್ಲ ಎಂದು ಸೈಟೇ ಕೈ ಚೆಲ್ಲಿತು. ಆಗ ಬಣ್ಣಗಳನ್ನು ಪಟ್ಟಿಯಿಂದ ತೆಗೆದು, ಒಂದೊಂದು ಬಣ್ಣಕ್ಕೆ ಒಂದೊಂದು ಪುಟ ಮಾಡಿದೆ. ಹಸಿರಿಗೊಂದು ಪುಟ, ಕೆಂಪಿಗೊಂದು, ಜೇನಿಗೊಂದು. ಆ ಪುಟಗಳನ್ನು ಒಂದಾದ ಮೇಲೊಂದು ತೆರೆಯುತ್ತಾ ಹೋದರೆ ಬಣ್ಣದ ಗಾಜಿನ ಕೋಣೆಗಳಲ್ಲಿ ನಡೆದ ಹಾಗಾಗುತ್ತಿತ್ತು. ಎಡಗೈ, ಬಲಗೈ, ಎಡಗೈ, ಬಲಗೈ ಎಂದು ತುಂಬುತ್ತಾ ತುಂಬುತ್ತಾ ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು ನಿದ್ದೆ ಹೋದೆ.

ಆ ಹಗಲು ನಿದ್ದೆಯಲ್ಲಿ ಕಂಡ ಕನಸು ಇನ್ನೂ ನೆನಪಿದೆ. ನಮ್ಮ ಅಂಗಡಿಯ ಬಾಗಿಲಿನಿಂದ ಕೈಗಳು ಒಳಗೆ ಬರುತ್ತಿದ್ದವು. ಹಿಟ್ಟು ಮೆತ್ತಿದ ಕೈ, ಮೆಹಂದಿಯ ಕೈ, ನೆಲಗಡಲೆ ಕಿತ್ತು ಮಣ್ಣಾದ ಕೈ, ಕುರಿಯ ಉಣ್ಣೆಯ ಜಿಡ್ಡಿನ ಕೈ. ಎಲ್ಲವೂ ಮೆಲ್ಲಗೆ ಗಾಳಿಯಲ್ಲಿ ತೇಲಿ ಬಂದು ಬೀರುವಿನ ಮುಂದೆ ನಿಂತು ಕಾಯುತ್ತಿದ್ದವು. ಯಾವುದಕ್ಕೂ ಜೊತೆಯಿರಲಿಲ್ಲ. ಹೆದರಿಕೆಯಾಗಲಿಲ್ಲ. ಒಂದೊಂದಕ್ಕೂ ಅದರದೇ ಬಳೆ ಹುಡುಕಿ ಕೊಡುವುದು ಕನಸಿನಲ್ಲಿ ತುಂಬಾ ಸಹಜವಾಗಿತ್ತು.

ಎರಡು ಪಟ್ಟಿ ಬಂದ ಮೇಲೆ ಕೆಲವರಿಗೆ ಸಿಟ್ಟು ಬಂತು. "ಒಂದನ್ನೇ ಎರಡು ಸಲ ಯಾಕೆ ಕೇಳ್ತೀರಿ?" ಎಂದು ಒಬ್ಬರು ಬರೆದರು. ಕ್ಷಮಿಸಿ, ಎರಡು ಸಲ ಒತ್ತಿಬಿಡಿ ಎಂದು ಉತ್ತರ ಕೊಟ್ಟೆ. ಆದರೆ ಬೇರೆ ಬೇರೆ ಸೈಜು ಆರಿಸುವವರೂ ಒಬ್ಬೊಬ್ಬರಾಗಿ ಬರತೊಡಗಿದರು. ನಾನು ಯಾರನ್ನೂ ಯಾಕೆ ಎಂದು ಕೇಳಲಿಲ್ಲ. ಶಿರಾದ ಒಬ್ಬರು ತಾವಾಗಿಯೇ ಬರೆದರು: "ಚಿಕ್ಕಂದಿನಲ್ಲಿ ಮರದಿಂದ ಬಿದ್ದು ಬಲಗೈ ಮುರಿದಿತ್ತು, ಸೊಟ್ಟಗೆ ಕೂಡಿತು. ಇಷ್ಟು ವರ್ಷ ಬಲಗೈಗೆ ಆಗುವ ದೊಡ್ಡ ಬಳೆಯನ್ನೇ ಎಡಗೈಗೂ ಹಾಕಿಕೊಂಡು, ಬಟ್ಟೆ ಒಗೆಯುವಾಗಲೆಲ್ಲ ಬಕೆಟ್ಟಿಗೆ ಬೀಳಿಸಿಕೊಳ್ಳುತ್ತಿದ್ದೆ. ಶುಕ್ರಿಯಾ."

ಒಂದು ದಿನ ಮಧ್ಯಾಹ್ನ, ಬೀದಿ ತೂಕಡಿಸುವ ಅದೇ ಹೊತ್ತಿನಲ್ಲಿ, ಎಡಗೈ ಮೇಲೆ ಸೆರಗು ಹೊದ್ದುಕೊಂಡ ಹೆಂಗಸೊಬ್ಬರು ಅಂಗಡಿಯ ಮೆಟ್ಟಿಲ ಹತ್ತಿರ ನಿಂತರು. ಎತ್ತರದ ಮೈಕಟ್ಟು, ಬಿಸಿಲಿಗೆ ಸುಟ್ಟ ಮುಖ, ಹಣೆಯಲ್ಲಿ ದೊಡ್ಡ ಕುಂಕುಮ. "ಪಾವಗಡದಿಂದ ಬಂದೆ ಅಕ್ಕಾ" ಎಂದಾಗ ದನಿಯಿಂದ ಗುರುತು ಹತ್ತಿತು. ಮಧುಗಿರಿಯಲ್ಲಿ ನೆಂಟರ ಮನೆಯ ಗೃಹಪ್ರವೇಶವಂತೆ. ಬಸ್ಸಿಳಿದವರು ನೇರ ಇಲ್ಲಿಗೆ ಬಂದಿದ್ದರು.

ಅತ್ತೆ ಕುರ್ಚಿಯಿಂದಲೇ ತೆಲುಗಿನಲ್ಲಿ ಯಾವ ಊರೆಂದು ಕೇಳಿದರು. ಅವರು ಹೇಳಿದರು. "ಊರ ಮುಂದೆ ಹುಣಸೇಮರ, ಅದರ ಬುಡಕ್ಕೆ ಬಾವಿ. ಆ ಊರಾ?" ಎಂದರು ಅತ್ತೆ. "ಅವುನು ಅಮ್ಮಾ, ಆದ್ರೆ ಬಾವಿ ಮುಚ್ಚವ್ರೆ. ಮರ ಐತೆ." ಅಲ್ಲಿಂದ ಮಾತು ಪೂರಾ ತೆಲುಗಿಗೆ ಜಾರಿತು. ಗಾಜುಲು, ಗಾಜುಲು ಎಂದು ಬಳೆಯ ಮಾತೇ ಕೇಳುತ್ತಿತ್ತು. ನನಗೆ ಅರ್ಧ ತಿಳಿಯಿತು, ಅರ್ಧ ಹಾಡಿನ ಹಾಗೆ ಕಿವಿಯ ಮೇಲೆ ಹಾದು ಹೋಯಿತು. ನಾನು ಚಹಾ ಮಾಡಲು ಒಳಗೆ ಹೋದೆ.

ಹೊರಗೆ ಬಂದಾಗ ಅವರು ಅತ್ತೆಯ ಎದುರಿಗೆ ಮಣೆಯ ಮೇಲೆ ಕೂತಿದ್ದರು. ಸೆರಗು ಸರಿದಿತ್ತು. ಎಡಗೈಯನ್ನು ತಾವಾಗಿಯೇ ಎತ್ತಿ ಅತ್ತೆಯ ತೊಡೆಯ ಮೇಲಿನ ದಿಂಬಿನ ಮೇಲಿಟ್ಟಿದ್ದರು. ಭಾರವಾದ, ನುಣ್ಣನೆಯ, ಗೆಣ್ಣುಗಳೇ ಕಾಣದ ಕೈ. ಅತ್ತೆ ಅದನ್ನು ಒತ್ತಲೂ ಇಲ್ಲ, ಹಿಂಡಲೂ ಇಲ್ಲ. "ನೋವು ಅನ್ಸಿದ್ರೆ ಅಂದ್ಬುಡವ್ವ" ಎಂದು ಹೇಳಿ, ಅಂಗಡಿಗೆಂದು ನಾನು ಮಾಡಿಟ್ಟಿದ್ದ ಅದೇ ಹಸಿರಿನ ರೇಷ್ಮೆದಾರದ ಬಳೆಗಳನ್ನು ಒಂದೊಂದಾಗಿ ಜಾರಿಸಿದರು. ನೆಲದ ಮೇಲಿನ ಬಣ್ಣದ ಉಂಗುರಗಳು ಅಷ್ಟು ಹೊತ್ತಿಗೆ ಸರಿದು ಅವರ ಸೀರೆಯ ಮೇಲೆ ಹತ್ತಿದ್ದವು.

ಅಷ್ಟರಲ್ಲಿ ಕಾಲೇಜಿನ ಹುಡುಗಿಯರಿಬ್ಬರು ಕ್ಲಿಪ್ಪು ಕೇಳಿಕೊಂಡು ಒಳಗೆ ಬಂದರು. ಪಾವಗಡದವರೆಲ್ಲಿ ಕೈ ಎಳೆದುಕೊಳ್ಳುತ್ತಾರೋ ಎಂದು ನೋಡಿದೆ. ಎಳೆದುಕೊಳ್ಳಲಿಲ್ಲ. ಹುಡುಗಿಯರಲ್ಲಿ ಒಬ್ಬಳು ನೋಡಿದಳು, ನೋಡಿ, "ಆಂಟಿ, ಈ ಹಸಿರು ನಂಗೂ ತೋರ್ಸಿ" ಎಂದಳು. ಪಾವಗಡದವರು ನನ್ನ ಕಡೆ ತಿರುಗಿ, "ತೋರ್ಸು ಅಕ್ಕಾ, ಹಳದಿ ಎಳೆ ಐತೆ ಅದ್ರಾಗೆ, ಚೆನ್ನಾಗಿ ಕಾಣ್ತದೆ" ಎಂದು ನಮ್ಮ ಅಂಗಡಿಯವರೇ ಆದ ಹಾಗೆ ಹೇಳಿದರು. ಹುಡುಗಿ ಒಂದು ಜೊತೆ ತೆಗೆದುಕೊಂಡು ಹೋದಳು.

ಹೋಗುವಾಗ ಅವರು ಸೆರಗನ್ನು ಮತ್ತೆ ಹೊದ್ದುಕೊಂಡರು. ಆದರೆ ಈ ಸಲ ಭುಜದ ಮೇಲೆ ಮಾತ್ರ.

ಅದಾಗಿ ಚಳಿಗಾಲ ಬಂತು. ಒಂದು ಬೆಳಿಗ್ಗೆ ಸೈಟಿನ ಸಂದೇಶದ ಪೆಟ್ಟಿಗೆಯಲ್ಲಿ ಹೀಗಿತ್ತು: "ನನಗೆ ಎಡಗೈ ಮಾತ್ರ ಇದೆ. ಬಲಗೈ ಪಟ್ಟಿಯಲ್ಲಿ ಏನು ಒತ್ತಲಿ? ಏನೂ ಒತ್ತದಿದ್ದರೆ ಮುಂದಕ್ಕೆ ಹೋಗುತ್ತಿಲ್ಲ." ಕೆಳಗೆ ತೋವಿನಕೆರೆಯ ವಿಳಾಸ.

ಪಟ್ಟಿಗೆ ಒಂದು ಸಾಲು ಸೇರಿಸುವುದು ಕಷ್ಟವೇನಲ್ಲ. ಆದರೆ ಆ ಸಾಲಿನಲ್ಲಿ ಯಾವ ಪದ ಬರೆಯುವುದು ಎಂದು ಇಡೀ ಬೆಳಿಗ್ಗೆ ಕೂತೆ. "ಇಲ್ಲ" ಎಂದು ಬರೆದೆ, ಅಳಿಸಿದೆ. "ಖಾಲಿ" ಎಂದು ಬರೆದೆ, ಅದು ಇನ್ನೂ ಕೆಟ್ಟದಾಗಿ ಕಂಡಿತು. "ಅನ್ವಯಿಸುವುದಿಲ್ಲ" ಎಂದರೆ ತಾಲ್ಲೂಕು ಆಫೀಸಿನ ಅರ್ಜಿ ನೆನಪಾಯಿತು. ಒಂದು ಗೆರೆ ಎಳೆದು ಬಿಡಲೇ ಎಂದೂ ಯೋಚಿಸಿದೆ. ಕೊನೆಗೆ ಅವರ ನಂಬರಿಗೇ ಫೋನು ಮಾಡಿದೆ.

ಎಳೆಯ ದನಿ. ಇಪ್ಪತ್ತೈದರ ಆಸುಪಾಸು ಇರಬಹುದು. ಹಿಂದೆ ಹಸು ಕೂಗಿತು.

"'ಬೇಡ' ಅಂತ ಹಾಕಿ ಅಕ್ಕ" ಎಂದಳು, ಯೋಚನೆಯೇ ಮಾಡದೆ. "'ಇಲ್ಲ' ಅನ್ನೋದು ಎಲ್ಲಾ ಕಡೆ ಬರ್ದವ್ರೆ ನಂಗೆ. 'ಬೇಡ' ಅಂದ್ರೆ ನಾನೇ ಬೇಡ ಅಂದಂಗಾಯ್ತದೆ." ಹೇಳಿ ನಕ್ಕಳು.

'ಬೇಡ' ಎಂದು ಹಾಕಿದೆ. ಪಟ್ಟಿಯ ಕೊನೆಯಲ್ಲಿ, ಟೂ ಟೆನ್ ಆದ ಮೇಲೆ. ಎರಡೂ ಪಟ್ಟಿಗಳಲ್ಲೂ. ಸಂಜೆಯೊಳಗೆ ಅವಳ ಆರ್ಡರು ಬಂತು. ಬಲಗೈ: ಬೇಡ. ಎಡಗೈ: ಟೂ ಸಿಕ್ಸ್. ಜೇನು ಬಣ್ಣದ ಗಾಜು.

ಅದನ್ನು ಕೊರಿಯರಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಅತ್ತೆಯ ಮಂಡಿಗೆ ಔಷಧಿ ತರಲು ಅವರನ್ನೂ ಕರೆದುಕೊಂಡು ಕೊರಟಗೆರೆಗೆ ಹೇಗೂ ಹೋಗಬೇಕಿತ್ತು. ಬರಬಹುದೇ ಎಂದು ಅವಳನ್ನು ಮೊದಲೇ ಕೇಳಿ, ಅಲ್ಲಿಂದ ಇಬ್ಬರೂ ತೋವಿನಕೆರೆಯ ಬಸ್ಸು ಹತ್ತಿದೆವು. ಮಂಜು ಆಗಷ್ಟೇ ಹರಿಯುತ್ತಿತ್ತು. ಕಿಟಕಿಯಾಚೆ ಅವರೆ ಹೊಲ, ಬಂಡೆ, ಬೇಲಿ ಎಲ್ಲ ಹಾಲಿನೊಳಗಿಂದ ಎದ್ದು ಬರುವ ಹಾಗೆ ಒಂದೊಂದಾಗಿ ಬಂದು ಹಿಂದಕ್ಕೆ ಹೋಗುತ್ತಿದ್ದವು.

ಅವಳ ಮನೆ ಸೇವಂತಿಗೆ ತೋಟದ ಅಂಚಿನಲ್ಲಿತ್ತು. ಹುಡುಗಿಯಾಗಿದ್ದಾಗ ರಾಗಿ ಒಕ್ಕುವ ಮಷೀನಿಗೆ ಬಲಗೈ ಸಿಕ್ಕಿತ್ತಂತೆ. ಮೊಣಕೈಯಿಂದ ಕೆಳಗೆ ಇಲ್ಲ. ಅದನ್ನು ಅವಳು ಬಚ್ಚಿಡುತ್ತಿರಲಿಲ್ಲ. ಆ ಮೊಂಡುತೋಳಿನಿಂದಲೇ ಹೂವಿನ ಬುಟ್ಟಿಯನ್ನು ಸೊಂಟಕ್ಕೆ ಒತ್ತಿ ಹಿಡಿದುಕೊಂಡು ನಮ್ಮನ್ನು ಒಳಗೆ ಕರೆದಳು. ಗಂಡ ಹಾಲು ಹಾಕಲು ಡೇರಿಗೆ ಹೋಗಿದ್ದ.

ನಾನು ಡಬ್ಬ ಬಿಚ್ಚಿದೆ. ಅತ್ತೆ ಅಭ್ಯಾಸಬಲದಿಂದ ಕೈ ಮುಂದಕ್ಕೆ ಚಾಚಿ, "ಕೊಡವ್ವ ಕೈಯ" ಎಂದರು.

"ಇರಿ ಅಜ್ಜಿ, ನಾನೇ ಇಕ್ಕೊಂತೀನಿ" ಎಂದಳು. "ಇಷ್ಟು ವರ್ಷವೂ ಯಾರಾದ್ರೂ ಇಕ್ಕಿದ್ರೇನೇ ಬಳೆ. ಅವ್ವ ಇಕ್ಕೋಳು, ಮದ್ವೆ ಆದ್ಮೇಲೆ ಇವ್ರು ಇಕ್ಕಿದ್ರು. ನಂಗೆ ಬಳೆ ಬೇಕು ಅನ್ಸಿದ್ರೆ ಇನ್ನೊಬ್ರ ಬಿಡುವು ನೋಡ್ಬೇಕು. ಅದ್ಕೇ ಯಾರ್ನೂ ಕೇಳ್ದೆ ನಾನೇ ತರಿಸ್ದೆ."

ಬಚ್ಚಲಿಗೆ ಹೋಗಿ ಕೈಗೆ ಸೋಪಿನ ನೊರೆ ಮಾಡಿಕೊಂಡು ಬಂದಳು. ಹೊಸಲಿನ ಮೇಲೆ ಕೂತು, ಒಂದು ಬಳೆಯನ್ನು ಎರಡು ಮಂಡಿಗಳ ನಡುವೆ ನೆಟ್ಟಗೆ ಸಿಕ್ಕಿಸಿದಳು. ಐದು ಬೆರಳನ್ನೂ ಮೊಗ್ಗಿನ ಹಾಗೆ ಒಟ್ಟು ಮಾಡಿ ಅದರೊಳಗೆ ತೂರಿಸಿ, ಮೆಲ್ಲಗೆ, ತಿರುಗಿಸುತ್ತಾ ತಿರುಗಿಸುತ್ತಾ ಒತ್ತಿದಳು. ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ಅತ್ತೆಯ ಕೈ ಗಾಳಿಯಲ್ಲಿ ತಾನಾಗಿಯೇ ಹಿಂಡುವ ಹಾಗೆ ಆಡಿತು, ಆಮೇಲೆ ಮಡಿಲಿಗೆ ಇಳಿಯಿತು. ಮೊದಲನೆಯದು ಚಟ್ಟೆಂದು ಒಡೆಯಿತು. ಅವಳು ಚೂರುಗಳನ್ನು ಎಚ್ಚರದಿಂದ ಕಾಲಿನಿಂದ ಪಕ್ಕಕ್ಕೆ ಸರಿಸಿ, "ಒಂದು ಹೋಗ್ಲಿ" ಎಂದು ಇನ್ನೊಂದನ್ನು ಸಿಕ್ಕಿಸಿದಳು. ಎರಡನೆಯದು ಗೆಣ್ಣು ದಾಟಿತು. ದಾಟಿದ ಕ್ಷಣ ಅವಳ ಮುಖದಲ್ಲಿ ಬಂದದ್ದನ್ನು ನಗು ಅನ್ನಲೋ ಬೇರೇನು ಅನ್ನಲೋ ತಿಳಿಯದು. ಕೈಯನ್ನು ಮೇಲಕ್ಕೆತ್ತಿದಳು. ಬಳೆ ಸೋಪಿನ ನೊರೆಯ ಮೇಲೆ ಜಾರಿ ಮೊಣಕೈಯವರೆಗೂ ಇಳಿಯಿತು.

"ಟೂ ಏಟ್ ಆಗಿದ್ರೆ ಸಲೀಸು" ಎಂದರು ಅತ್ತೆ.

"ಹೂಂ ಅಜ್ಜಿ. ಮುಂದಿನ ಸಲ ಟೂ ಏಟ್ ಒತ್ತೀನಿ" ಎಂದಳು.

ಉಳಿದವನ್ನೂ ಒಂದೊಂದಾಗಿ ಹಾಕಿಕೊಂಡಳು. ನಾವು ಸಹಾಯ ಮಾಡಲಿಲ್ಲ. ತೋಟದಲ್ಲಿ ದುಂಬಿಗಳ ಸದ್ದು, ನಡುನಡುವೆ ಗಾಜಿಗೆ ಗಾಜು ತಾಗುವ ಸದ್ದು. ಅವಳ ಗಂಡ ಖಾಲಿ ಕ್ಯಾನು ಹಿಡಿದು ಬಂದು ಬಾಗಿಲಲ್ಲಿ ನಿಂತ. "ಯಾರು ಇಕ್ಕಿದ್ದು?" ಎಂದು ಕೇಳಿದ. ಅವಳು ಅವನ ಮುಖದ ಮುಂದೆ ಕೈ ಆಡಿಸಿದಳು. ಅವನು ನೆಲದ ಮೇಲಿನ ನೊರೆ ನೋಡಿದ, ಚೂರುಗಳನ್ನು ನೋಡಿದ, ಮತ್ತೆ ಅವಳನ್ನು ನೋಡಿದ. ಪೊರಕೆ ತಂದು ಚೂರು ಗುಡಿಸತೊಡಗಿದ.

ಊಟ ಮಾಡಿಸದೆ ಬಿಡಲಿಲ್ಲ. ಹೊರಡುವಾಗ ಅತ್ತೆಯ ಮಡಿಲಿಗೆ ಒಂದು ರಾಶಿ ಹಳದಿ ಸೇವಂತಿಗೆ ಸುರಿದಳು. ಬಸ್ಸಿನಲ್ಲಿ ಅತ್ತೆ ಆ ಹೂವಿನ ರಾಶಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತಲ್ಲೇ ನಿದ್ದೆ ಹೋದರು. ಸಂಜೆಯ ಬೆಳಕಿನಲ್ಲಿ ಚನ್ನರಾಯನದುರ್ಗದ ಬೆಟ್ಟ ದೂರದಲ್ಲಿ ಕಂಡಿತು, ತಿರುವಿನಲ್ಲಿ ಮರೆಯಾಯಿತು, ಇನ್ನೊಂದು ಕಡೆಯಿಂದ ಮತ್ತೆ ಕಂಡಿತು. ಬಸ್ಸು ಕುಲುಕಿದಾಗೊಮ್ಮೆ ಒಂದೆರಡು ಹೂವು ಜಾರಿ ಕೆಳಗೆ ಬೀಳುತ್ತಿತ್ತು. ಮುಂದಿನ ಸೀಟಿನ ಹೆಂಗಸು ಒಂದನ್ನು ಹೆಕ್ಕಿ, ತಿರುಗಿ ನನ್ನನ್ನು ನೋಡಿ, ತಗೊಳ್ಳಲಾ ಎನ್ನುವ ಹಾಗೆ ಹುಬ್ಬೆತ್ತಿದಳು. ತಗೊಳ್ಳಿ ಎಂದು ತಲೆಯಾಡಿಸಿದೆ. ಮುಡಿದುಕೊಂಡಳು.